ಬಂದೂಕುಗಳು ಠಾಣೆಯಲ್ಲಿದ್ದ ಬೇಸಿಗೆ

ಮುಧೋಳದ ದೇಸಾಯಿ ಕಾಕಾ ತೀರಿಕೊಂಡ ಮೇಲೆ ಅವರ ಬಂದೂಕು ಅನಾಥವಾಯಿತು. ಲೈಸನ್ಸು ಅವರ ಹೆಸರಿನಲ್ಲಿತ್ತು. ಹೆಸರಿನವರೇ ಹೋದ ಮೇಲೆ ಅದು ಮನೆಯಲ್ಲಿ ಇರುವಂತಿಲ್ಲ, ಠಾಣೆಗೆ ಒಪ್ಪಿಸಬೇಕು. ಅವರ ಹೆಂಡತಿ ಕಾಕು ಅದನ್ನು ಮುಟ್ಟಲೊಲ್ಲದೆ ನನಗೆ ಫೋನ್ ಮಾಡಿದ್ದರು. ಹೋದ ವಾರ ಜಮಖಂಡಿಯಿಂದ ಬಸ್ಸು ಹಿಡಿದು ಹೋದೆ. ಕಾಕು ಸೆರಗಿನ ತುದಿಯಿಂದ ಕೀಲಿ ಬಿಚ್ಚಿ ನನ್ನ ಕೈಯಲ್ಲಿಟ್ಟು, "ನೀನ ತಗಿಯವಾ ಸುಧಾ, ನಾ ಒಲ್ಲೆ" ಎಂದು ಅಡಿಗೆ ಮನೆಗೆ ಹೋಗಿಬಿಟ್ಟರು.

ಕಪಾಟಿನ ಬಾಗಿಲು ತೆಗೆದದ್ದೇ ತಡ, ವಾಸನೆ ಮುಖಕ್ಕೆ ಬಡಿಯಿತು. ಬಂದೂಕಿಗೆ ಹಚ್ಚುವ ಎಣ್ಣೆ, ಒರೆಸಿ ಒರೆಸಿ ಕರಿದಾದ ಅರಿವೆ, ಹುಳ ಬೀಳದಿರಲೆಂದು ಕಾಕಾ ಇಟ್ಟಿದ್ದ ಒಣ ಬೇವಿನೆಲೆ. ಕಾಕಾ ಹತ್ತಿರ ಬಂದು ಕೂತರೆ ಬರುತ್ತಿದ್ದ ವಾಸನೆಯೇ ಅದು. ಕಾಕಾನ ಮಂಚದ ತುದಿಗೆ ಕುಳಿತೆ. ಠಾಣೆಗೆ ಹೋಗಲು ಇನ್ನೊಬ್ಬರು ಗಾಡಿ ತರುವವರಿದ್ದರು. ಅವರು ಬರುವ ತನಕ ಆ ವಾಸನೆಯ ಜೊತೆ ಒಬ್ಬಳೇ ಇರಬೇಕಾಯಿತು. ಅದು ನನ್ನನ್ನು ನೇರವಾಗಿ ಒಯ್ದದ್ದು ಲೋಕಸಭೆಯ ಚುನಾವಣೆ ಬಂದ ಆ ಬೇಸಿಗೆಗೆ.

ಜಮಖಂಡಿಯ ಹೊರಗೆ ಗುಡ್ಡದ ಬಗಲಿಗೆ, ಕಲ್ಲು ತೆಗೆದು ಬಿಟ್ಟ ಹಳೆಯ ಖಣಿ ಇದೆ. ಮೂರು ಕಡೆ ಬಂಡೆಯ ಗೋಡೆ, ಗುಂಡು ಹಾಯದಂತೆ ಮುಂದೆ ಮಣ್ಣಿನ ದಿಬ್ಬ, ಒಂದು ತಗಡಿನ ಶೆಡ್ಡು, ಒಂದು ಬೇವಿನ ಗಿಡ. ಪರವಾನಗಿ ಪಡೆದು ಅಲ್ಲಿ ನಾವು ಐದು ಜನ ಭಾನುವಾರ ಮುಂಜಾನೆ ಗುರಿ ಹೊಡೆಯುತ್ತಿದ್ದೆವು. ಹೊಡೆಯುತ್ತಿದ್ದುದು ಕಾಗದಕ್ಕೆ. ಹಂದಿಗೋ ಚಿಗರಿಗೋ ಬಂದೂಕು ಎತ್ತುವವರನ್ನು ನಾವು ಹತ್ತಿರ ಸೇರಿಸುತ್ತಿರಲಿಲ್ಲ.

ಐವರಲ್ಲಿ ಹೆಣ್ಣು ನಾನೊಬ್ಬಳೇ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಓದುವಾಗ ಎನ್‌ಸಿಸಿಯಲ್ಲಿ ಹತ್ತಿದ ರೈಫಲಿನ ರುಚಿ ಮದುವೆ, ಮಕ್ಕಳು, ಪೇಪರ್ ತಿದ್ದುವುದು ಎಲ್ಲವನ್ನೂ ದಾಟಿ ಉಳಿದಿತ್ತು. ನನ್ನದು ಲೈಸನ್ಸು ಬೇಡದ, ಗಾಳಿಯ ಒತ್ತಡದಿಂದ ಸಣ್ಣ ಗುಂಡು ಹಾರಿಸುವ ರೈಫಲು. ಗಂಡಸರು ಅದಕ್ಕೆ "ಛರ್ರಾ ಬಂದೂಕ" ಎಂದು ನಗುತ್ತಿದ್ದರು. ಹೆಚ್ಚು ನಗುತ್ತಿದ್ದವನು ರಬಕವಿಯ ಮಹಾಂತೇಶ. ಮನೆ ರಬಕವಿಯಲ್ಲಿ, ಮಗ್ಗಗಳು ಬನಹಟ್ಟಿಯಲ್ಲಿ. ವಾರವೆಲ್ಲ ಮಗ್ಗದ ಸದ್ದಿನಲ್ಲಿ ಇರುವುದರಿಂದ ಮಾತಾಡಿದರೆ ಒದರಿದಂತೆಯೇ. ಶೆಡ್ಡಿನ ಕೀಲಿ ಇದ್ದದ್ದು ಗಲಗಲಿಯ ರಾಜೇಸಾಬ ಸುಭೇದಾರರ ಹತ್ತಿರ, ಸೈನ್ಯದಿಂದ ನಿವೃತ್ತರಾದವರು. ಎಲ್ಲರಿಗಿಂತ ಹಿರಿಯರು ದೇಸಾಯಿ ಕಾಕಾ. ಗುರಿ ಅಷ್ಟಕ್ಕಷ್ಟೇ, ಗತ್ತು ಮಾತ್ರ ಆಕಾಶಕ್ಕೆ ಮುಟ್ಟುವಷ್ಟು. ಐದನೆಯವರು ತೇರದಾಳದ ಪಾರಿಸಣ್ಣ. ಮಹಾಲಿಂಗಪುರದಲ್ಲಿ ಬೆಲ್ಲದ ವ್ಯಾಪಾರ. ದಿಗಂಬರ ಜೈನರು, ನೀರು ಸೋಸಿ ಕುಡಿಯುವ, ಹೊತ್ತು ಮುಳುಗುವ ಮೊದಲೇ ಉಣ್ಣುವ ಮನುಷ್ಯ. ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೊಡೆಯುತ್ತಿದ್ದವರೂ ಅವರೇ. "ನಿಮ್ಮ ಮಂದಿ ಇರುವಿ ತುಳಿಯಂಗಿಲ್ಲ, ನೀವು ಬಂದೂಕ ಹಿಡದೀರಲ್ಲರಿ" ಎಂದು ಮಹಾಂತೇಶ ಕೆಣಕಿದರೆ, "ಕಾಗದಕ್ಕ ಜೀವ ಇರೂದಿಲ್ಲೋ ತಮ್ಮಾ. ಇದು ಉಸರ ಹಿಡಿಯೂ ಅಭ್ಯಾಸ" ಎಂದು ಮೆಲ್ಲಗೆ ನಗುತ್ತಿದ್ದರು.

ಸುಭೇದಾರರು ನಮಗೆ ಹಾಕಿಕೊಟ್ಟ ಒಂದು ಪದ್ಧತಿ ಇತ್ತು. ಬಂದೂಕನ್ನು ಇನ್ನೊಬ್ಬರ ಕೈಗೆ ಕೊಡುವವರು ಅದನ್ನು ತೆರೆದು ತೋರಿಸಿ "ಖಾಲಿ" ಅನ್ನಬೇಕು. ತೆಗೆದುಕೊಳ್ಳುವವರು ಕಣ್ಣಿಂದ ನೋಡಿದರೆ ಸಾಲದು, ಗುಂಡು ಕೂರುವ ಜಾಗದಲ್ಲಿ ಕಿರುಬೆರಳು ಆಡಿಸಿ ನೋಡಿ ತಾವೂ "ಖಾಲಿ" ಅನ್ನಬೇಕು. ತೆಗೆದುಕೊಳ್ಳುವಾಗ ಎರಡೂ ಕೈ ಬರಿದಾಗಿರಬೇಕು. ಒಂದು ಕೈಯಲ್ಲಿ ಚಹಾದ ಕಪ್ಪು ಹಿಡಿದು ಇನ್ನೊಂದು ಚಾಚಿದರೆ ಸುಭೇದಾರರು ಕಪ್ಪು ಕಸಿದು ಚಹಾ ಚೆಲ್ಲುತ್ತಿದ್ದರು. ಕಾಕಾನ ಚಹಾ ಕೂಡ ಒಮ್ಮೆ ಹೀಗೆ ಮಣ್ಣುಪಾಲಾಗಿತ್ತು. ಅಂದಿನಿಂದ ಕಾಕಾ ತಮ್ಮ ಬಂದೂಕನ್ನು ಯಾರ ಕೈಗೂ ಕೊಡುವುದೇ ಇಲ್ಲ ಎಂದು ಸಾರಿದರು. ಅವರ ಅಪ್ಪನಿಂದ ಬಂದ ಜೋಡುನಳಿಗೆ ಬಂದೂಕು ಅದು. ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬರುತ್ತಿದ್ದರು, ಹಾಗೇ ಒಯ್ಯುತ್ತಿದ್ದರು.

ಚುನಾವಣೆ ಸಾರಿದ ಕೂಡಲೇ, ಲೈಸನ್ಸಿನ ಬಂದೂಕುಗಳನ್ನೆಲ್ಲ ತಮ್ಮ ತಮ್ಮ ಠಾಣೆಯಲ್ಲಿ ಇಡಬೇಕೆಂದು ಹೇಳಿಕಳಿಸಿದರು. ಪ್ರತಿ ಚುನಾವಣೆಗೂ ಇರುವುದೇ. ಕಾಕಾ ಮಾತ್ರ ಪ್ರತಿ ಸಲವೂ ಹೊಸದಾಗಿ ಸಿಟ್ಟಾಗುತ್ತಿದ್ದರು. ಮುಧೋಳದ ಠಾಣೆಯಲ್ಲಿ ಬಂದೂಕು ಒಪ್ಪಿಸಿ ಬಂದ ಭಾನುವಾರ ಬೇವಿನ ಗಿಡದ ಬುಡಕ್ಕೆ ಕುಳಿತು ಅಂದದ್ದು ಇನ್ನೂ ಕಿವಿಯಲ್ಲಿದೆ. "ಹಲಗಲಿ ನಮ್ಮ ತಾಲೂಕಿಂದು. ಹತ್ಯಾರ ಕೊಡ್ರಿ ಅಂತ ಬ್ರಿಟಿಷರು ಅಂದಾಗ ಬೇಡರು ಕೊಡಲಿಲ್ಲ, ಜೀವಾ ಕೊಟ್ರು. ನಾನು ನೋಡು, ಪೋಲೀಸ ಹುಡುಗ ಒಂದ ಫೋನ್ ಮಾಡಿದ ಕೂಡ್ಲೆ ಒಯ್ದು ಕೊಟ್ಟ ಬಂದೆ."

"ಅದಕ್ಕ ಇನ್ನೂ ಜೀವಂತ ಅದೀರಿ" ಎಂದರು ಸುಭೇದಾರರು.

ಆ ಬೇಸಿಗೆ ಗುಂಡು ಹಾರಿಸಲು ಉಳಿದದ್ದು ನನ್ನ ಛರ್ರಾ ಬಂದೂಕು ಒಂದೇ. ನಕ್ಕಿದ್ದವರೆಲ್ಲ ಅದಕ್ಕೇ ಪಾಳಿ ಹಚ್ಚಿದರು. ನನಗೆ ಒಳಗೊಳಗೇ ಖುಷಿ. ಒಂಬತ್ತು ಗಂಟೆಗೆಲ್ಲ ಬಂಡೆ ಕಾದು ಕೈ ಇಡಲಾಗದಂತಾಗುತ್ತಿತ್ತು. ಕಬ್ಬು ಕಡಿದ ಹೊಲಗಳ ಕಡೆಯಿಂದ ರವದಿಯೆಂಬ ಒಣಗರಿ ಸುಟ್ಟ ಹೊಗೆ ಬರುತ್ತಿತ್ತು. ನದಿ ಸೊರಗಿ ಗಲಗಲಿಯಲ್ಲಿ ಮಂದಿ ನಡೆದೇ ಹೊಳೆ ದಾಟುತ್ತಿದ್ದಾರೆಂದು ಸುಭೇದಾರರು ಹೇಳುತ್ತಿದ್ದರು. ಹೊಡೆಯುವುದು ಕಡಿಮೆ, ಮಾತು ಜಾಸ್ತಿ. ಬಂದೂಕಿಲ್ಲದ ಗಂಡಸರು ಬಂದೂಕಿನ ಬಗ್ಗೆ ಎಷ್ಟು ಮಾತಾಡಬಲ್ಲರು ಎಂಬುದನ್ನು ಆ ಬೇಸಿಗೆ ಕಂಡೆ.

ಮಹಾಂತೇಶನ ವಾದ, ಕಾಯ್ದೆ ಇರುವುದು ನೆಟ್ಟಗಿರುವವರಿಗೆ ಅಷ್ಟೇ. "ಕಳ್ಳಗ ಲೈಸನ್ಸ ಬೇಕೇನ್ರಿ? ಅವ ಕಂಟ್ರಿ ಪಿಸ್ತೂಲ ತರತಾನ. ನನಗ ಮಾತ್ರ ಡಾಕ್ಟರ ಸರ್ಟಿಫಿಕೇಟ, ಪೋಲೀಸ ಎನ್‌ಕ್ವಾಯರಿ. ಅದೂ ಹೆಂಗ? ಮನಿಗೆ ಬಂದ ಹವಾಲ್ದಾರ ನಮ್ಮ ಮನಿಯಾಕೀನ ಕೇಳಿದಾ, ನಿಮ್ಮ ಯಜಮಾನರಿಗೆ ಸಿಟ್ಟ ಬಾಳ ಐತೇನ್ರಿ ಅಂತ."

"ಏನಂದ್ಲು?" ಎಂದರು ಕಾಕಾ.

"ಹೂಂನ್ರಿ, ಪಲ್ಯಾಕ್ಕ ಉಪ್ಪ ಕಡಿಮಿ ಆದ್ರ ಮನಿ ಹಾರಿಸ್ತಾರ ಅಂದ್ಲು."

ಕಾಕಾ ನಕ್ಕು ನಕ್ಕು ಕೆಮ್ಮಿದರು. "ಲೇ ಮಾಂತ್ಯಾ, ಆಕೀಗೆ ಇರೂ ಬುದ್ಧಿ ಆ ಕಾಯ್ದೆ ಮಾಡಿದವರಿಗೂ ಇಲ್ಲ. ಮೊದಲ ಒಬ್ಬಗ ಮೂರ ಬಂದೂಕ ಇತ್ತು, ಈಗ ಎರಡ ಮಾಡ್ಯಾರ. ನನ್ನ ಕಡೆ ಇರೂದ ಒಂದು, ಆದರೂ ನನಗ ಹೊಟ್ಟಿ ಉರಿತೈತಿ!"

ಪಾರಿಸಣ್ಣ ಈ ಮಾತುಗಳಲ್ಲಿ ಸೇರುತ್ತಿರಲಿಲ್ಲ. ಸಂಕ್ರಾಂತಿಯ ಹಿಂದೆ ಮುಂದೆ ಅವರ ಹೆಂಡತಿ ಸುನಂದಾ ತೀರಿಹೋಗಿದ್ದರು. ಮಕ್ಕಳಿರಲಿಲ್ಲ. ಅಂಗಡಿಯನ್ನು ತಮ್ಮನೇ ನೋಡಿಕೊಳ್ಳುತ್ತಿದ್ದ. ದುಃಖದಲ್ಲಿರುವವರು ಸುಮ್ಮನಿರುವುದು ಸಹಜ ಎಂದುಕೊಂಡು ನಾವೂ ಅವರನ್ನು ಮಾತಿಗೆ ಎಳೆಯಲಿಲ್ಲ. ಬರುತ್ತಾರಲ್ಲ, ಅಷ್ಟು ಸಾಕು ಎನ್ನಿಸಿತ್ತು.

ಒಂದು ಭಾನುವಾರ ಮಹಾಂತೇಶ ಎಂದಿನಂತೆ ಚುರುಮುರಿ ತಂದಿದ್ದ. ಅವನು ತರುತ್ತಿದ್ದುದು ಯಾವಾಗಲೂ ಎರಡು ಪೊಟ್ಟಣ. ನಮಗೆ ಉಳ್ಳಾಗಡ್ಡಿ ಹೆಚ್ಚಿ ಹಾಕಿದ್ದು, ಪಾರಿಸಣ್ಣನವರಿಗೆ ಹಾಕದ್ದು. ನೆಲದಡಿ ಬೆಳೆದದ್ದನ್ನು ಅವರು ಹುಟ್ಟಿದಾರಭ್ಯ ತಿಂದವರಲ್ಲ. ಆ ದಿನ ಪೇಪರು ಹಾಸಿ ಎರಡನ್ನೂ ಬೇರೆ ಬೇರೆ ಸುರುವಿದ್ದೆವು. ಪಾರಿಸಣ್ಣ ಕೈ ಚಾಚಿ ನಮ್ಮ ಗುಂಪಿಯಿಂದ ಒಂದು ಮುಷ್ಟಿ ತೆಗೆದು ಬಾಯಿಗೆ ಹಾಕಿಕೊಂಡರು. ಅಗಿದರು, ನುಂಗಿದರು. ಇನ್ನೊಂದು ಮುಷ್ಟಿ ತೆಗೆದರು. ಬಂಡೆಯ ಕಡೆ ನೋಡುತ್ತ ಅದನ್ನೂ ತಿಂದರು.

ಮಹಾಂತೇಶನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಸುಭೇದಾರರು ಕಣ್ಣಲ್ಲೇ ಅವನನ್ನು ತಡೆದು, ಉಳ್ಳಾಗಡ್ಡಿಯ ಗುಂಪಿಯನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು. ಮನುಷ್ಯ ಇಲ್ಲಿ ಕೂತಿದ್ದಾನೆ, ಆದರೆ ಇಲ್ಲಿ ಇಲ್ಲ ಎಂದು ನನಗೆ ಅನ್ನಿಸಿತು.

ಆ ಮೇಲೆ ಅವರ ಮೇಲೆ ಕಣ್ಣಿಟ್ಟೆ. ಯಾವತ್ತೂ ಬಂದೂಕಿನ ಚಿಂತೆ ಮಾಡದವರು ಈಗ ಪ್ರತಿ ವಾರ ಸುಭೇದಾರರನ್ನು ಒಂದೇ ಮಾತು ಕೇಳುತ್ತಿದ್ದರು. "ಬಂದೂಕ ಯಾವಾಗ ತಿರಗಿ ಕೊಡತಾರಂತ್ರಿ?" ಸುಭೇದಾರರು ಎಣಿಕೆ ಮುಗಿದ ಮೇಲೆ ಎನ್ನುತ್ತಿದ್ದರು. "ಖರೇನ ಕೊಡತಾರಲ್ರಿ?" ಎಂದು ಇನ್ನೊಮ್ಮೆ ಕೇಳುತ್ತಿದ್ದರು.

ಮತದಾನ ಮುಗಿದ ಮೇಲಿನ ಭಾನುವಾರ ಪಾರಿಸಣ್ಣ ಒಂದು ಚೀಲ ತಂದು ನನ್ನ ಮುಂದೆ ಇಟ್ಟರು. ಒಳಗೆ ಅವರ ಜಾಕೀಟು. ಗುರಿ ಹೊಡೆಯುವಾಗ ಮೈ ಅಲುಗದಂತೆ ಹಾಕಿಕೊಳ್ಳುವ ದಪ್ಪ ಜಾಕೀಟು. ಸುನಂದಾ ಮೊಣಕೈಗೆ ತಾವೇ ತೇಪೆ ಹಾಕಿ ಹೊಲಿದುಕೊಟ್ಟಿದ್ದರು.

"ನಿಮಗಿರಲ್ರಿ ಅಕ್ಕಾರ. ನನಗ ಇನ್ನ ಬೇಕಾಗೂದಿಲ್ಲ."

ನಾನು ದಡ್ಡಿಯ ಹಾಗೆ ಥ್ಯಾಂಕ್ಸ್ ಅಂದೆ. ಅವರು ಮೋಟಾರ್‌ಸೈಕಲ್ ಹತ್ತಿ ಹೋದರು. ಧೂಳು ಇಳಿಯುವ ಹೊತ್ತಿಗೆ ನನ್ನ ತಲೆಯಲ್ಲಿ ಎರಡು ಮಾತುಗಳು ಒಂದಕ್ಕೊಂದು ತಾಗಿದವು. ಓಡಿ ಬೇವಿನ ಗಿಡದ ಬುಡಕ್ಕೆ ಹೋದೆ.

"ಕಾಕಾ, ಜಾಕೀಟ ಇನ್ನ ಬ್ಯಾಡ ಅಂತಾರ. ಬಂದೂಕ ಮಾತ್ರ ಯಾವಾಗ ಕೊಡತಾರ ಅಂತ ಕೇಳ್ತಾರ. ಜಾಕೀಟ ಬ್ಯಾಡಾದವರಿಗೆ ಬಂದೂಕ ಯಾಕ ಬೇಕರಿ?"

ಮೂವರೂ ನನ್ನ ಮುಖ ನೋಡಿದರು. ಸುಭೇದಾರರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವರು ಸೈನ್ಯದಲ್ಲಿ ತಮ್ಮ ಬಂದೂಕಿನಿಂದ ತಾವೇ ಸತ್ತವರನ್ನು ಕಂಡವರು. "ನನಗೂ ಅದ ಅಂಜಿಕಿ ಇತ್ತರಿ ಮೇಡಂ. ಬಾಯಿ ಬಿಟ್ಟ ಅನ್ನಾಕ ಧೈರ್ಯ ಇರಲಿಲ್ಲ" ಎಂದರು.

ಆ ಮುಂಜಾನೆ ನಡೆದಂಥ ಮಾತು ನಮ್ಮ ಖಣಿಯಲ್ಲಿ ಹಿಂದೆಂದೂ ನಡೆದಿರಲಿಲ್ಲ. ಠಾಣೆಗೆ ತಿಳಿಸೋಣವೇ? ತಿಳಿಸಿದರೆ ಲೈಸನ್ಸು ರದ್ದಾಗುತ್ತದೆ, ಬಂದೂಕು ಬರುವುದಿಲ್ಲ. ಆದರೆ ತೇರದಾಳ ಸಣ್ಣ ಊರು. ಪಾರಿಸಣ್ಣನಿಗೆ ತಲೆ ಕೆಟ್ಟಿದೆ, ಪೋಲೀಸರೇ ಬಂದೂಕು ಕಸಿದುಕೊಂಡರು ಎಂದು ಸಂತೆಯಲ್ಲಿ ಮಾತಾಗುತ್ತದೆ. ಹೆಂಡತಿ ಹೋದ ಮೇಲೆ ಅವರಿಗೆ ಉಳಿದದ್ದು ಮರ್ಯಾದೆ ಒಂದೇ. ಅದೂ ಹೋದರೆ ಮನುಷ್ಯನಿಗೆ ಬಂದೂಕೇ ಬೇಕೆಂದೇನಿಲ್ಲ, ನದಿ ಇದೆ, ಬಾವಿ ಇದೆ.

ಕಾಯ್ದೆಯ ಮೇಲೆ ಹರಿಹಾಯುತ್ತಿದ್ದ ಮಹಾಂತೇಶ ಆ ದಿನ ಒದರಲಿಲ್ಲ. "ಲೈಸನ್ಸ ಕೊಡೂ ಮುಂದ ಮನಿಗೆ ಬಂದು ಸಿಟ್ಟ ಐತೇನ್ರಿ ಅಂತ ಕೇಳಿದ್ರು. ಈಗ ಆ ಮನ್ಯಾಗ ಹೇಳಾಕ ಹೆಂಡತೀನ ಇಲ್ಲ. ಯಾರ ಬಂದ ಕೇಳ್ತಾರ್ರಿ?" ಎಂದು ತಣ್ಣಗೆ ಅಂದ. ಅವನ ಕಣ್ಣಲ್ಲಿ ನೀರಿತ್ತು.

"ನಾವು ಕೇಳೂನು" ಎಂದರು ಕಾಕಾ. ಕೂತಲ್ಲೇ ನೆಲ ಕೆದಕಿದರು. ಕೊನೆಗೆ ಅಂದರು: "ಅವನ ಒಬ್ಬನ ಬಂದೂಕ ಕೇಳಿದ್ರ ಅವಗ ಅಪಮಾನ. ಎಲ್ಲಾರೂ ಕೊಡೂನು. ಚುನಾವಣಿಗೆ ಎಲ್ಲಾರೂ ಕೊಟ್ಟೇವಿ, ಯಾರಿಗರ ಅಪಮಾನ ಆತೇನು? ಠಾಣೆಯಿಂದ ತಗೊಂಡವರ ಸೀದಾ ಬೆಳಗಾವಿ ಬಂದೂಕಿನ ಅಂಗಡಿಗೆ ಒಯ್ದು ಇಟ್ಟ ಬಿಡೂನು. ರಿಪೇರಿ ಅಂತ ಹೇಳೂನು. ಅವಾ ಸುಧಾರಿಸೂತನಕ ನನ್ನದೂ ಅಲ್ಲೇ ಇರಲಿ."

"ಕಾಕಾ, ನಿಮ್ಮದೂ?" ಎಂದೆ. ಆ ಬಂದೂಕನ್ನು ಕಾಕು ಕೂಡ ಮುಟ್ಟುವಂತಿರಲಿಲ್ಲ.

"ಹಲಗಲಿಯವರು ಹತ್ಯಾರ ಯಾಕ ಕೊಡಲಿಲ್ಲ? ತಮ್ಮವರು ಉಳೀಲಿ ಅಂತ. ನಾ ಕೊಡೂದೂ ಅದಕ್ಕ. ಈಗ ಸುಮ್ನಿರು" ಎಂದು ಗದರಿದರು.

ಎಣಿಕೆ ಮುಗಿದು ಬಂದೂಕು ಒಯ್ಯಿರೆಂದು ಠಾಣೆಗಳಿಂದ ಕರೆ ಬಂತು. ಸುಭೇದಾರರು ಬೀಳಗಿಯಲ್ಲಿ ತಮ್ಮದನ್ನು ಬಿಡಿಸಿಕೊಂಡು ಮುಧೋಳಕ್ಕೆ ಬಂದರು. ಕಾಕಾನನ್ನೂ ಅವರ ಬಂದೂಕನ್ನೂ ಕಾಕಾನ ಜೀಪಿಗೆ ಹತ್ತಿಸಿಕೊಂಡು ಬನಹಟ್ಟಿಗೆ ಹೋದರು. ಅಲ್ಲಿ ತನ್ನ ಬಂದೂಕು ಬಿಡಿಸಿಕೊಂಡಿದ್ದ ಮಹಾಂತೇಶನ ಜೊತೆ ನಾನೂ ಹತ್ತಿದೆ. ಅಲ್ಲಿಂದ ತೇರದಾಳಕ್ಕೆ ದೂರವೇನಿಲ್ಲ. ದಾರಿಯುದ್ದಕ್ಕೂ ಕಾಕಾ ಬಂದೂಕನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸವರುತ್ತಿದ್ದರು.

ಠಾಣೆ ಮುಟ್ಟಿದಾಗ ಪಾರಿಸಣ್ಣ ಆಗಲೇ ಬಂದೂಕು ತೆಗೆದುಕೊಂಡು ಮೆಟ್ಟಿಲು ಇಳಿಯುತ್ತಿದ್ದರು. ಗಡ್ಡ ಬೆಳೆದಿತ್ತು. ನಮ್ಮನ್ನು ಕಂಡು ನಿಂತರು. ಅಡ್ಡದಾರಿಯಲ್ಲಿ ಸಿಕ್ಕಿಬಿದ್ದವರ ಮುಖವಾಗಿತ್ತು ಅದು.

"ಎಲ್ಲಾರ ಬಂದೂಕೂ ಬೆಳಗಾವಿಗೆ ರಿಪೇರಿಗೆ ಹೊಂಟಾವು ಪಾರಿಸಣ್ಣ. ನಿಂದೂ ನಡಿ" ಎಂದರು ಕಾಕಾ.

"ನಂದಕ್ಕ ಏನೂ ಆಗಿಲ್ಲರಿ ಕಾಕಾ. ನಾ ಮನಿಗೆ ಹೊಕ್ಕೀನಿ."

"ನನ್ನ ಬಂದೂಕಕ್ಕ ಆಗೇತಿ. ನನಗ ವಯಸ್ಸಾತು, ಅಷ್ಟ ದೂರ ಹಿಡಕೊಂಡ ಕುಂದ್ರಾಕ ಆಗೂದಿಲ್ಲ. ನೀ ಹಿಡಕೋ ಬಾ."

ಕಾಕಾ ಬಂದೂಕಿನ ನಳಿಗೆ ಬಾಗಿಸಿ ತೆರೆದು, ಎರಡೂ ಕೈಯಲ್ಲಿ ಮುಂದೆ ಚಾಚಿದರು. "ಖಾಲಿ" ಎಂದರು.

ಪಾರಿಸಣ್ಣ ಅದನ್ನೇ ನೋಡುತ್ತ ನಿಂತರು. ಅವರ ಕೈಯಲ್ಲಿ ಅವರ ರೈಫಲು. ಕಾಕಾನದ್ದನ್ನು ತೆಗೆದುಕೊಳ್ಳಬೇಕಾದರೆ ಎರಡೂ ಕೈ ಬರಿದಾಗಬೇಕು. ಮುದುಕ ಕೈ ಚಾಚಿ ಬಿಸಿಲಲ್ಲಿ ನಿಂತಿದ್ದಾರೆ, ತೋಳು ಭಾರಕ್ಕೆ ಜಗ್ಗುತ್ತಿವೆ, ಇಳಿಸಲೊಲ್ಲರು. ನನಗೆ ದೇವರನ್ನು ನೆನೆಯಲೂ ತೋಚಲಿಲ್ಲ. ಜೀಪಿನ ಬಾನೆಟ್ಟು ಹಿಡಿದುಕೊಂಡು ನಿಂತಿದ್ದೆ.

ಆಗ ಪಾರಿಸಣ್ಣ ನನ್ನ ಕಡೆ ತಿರುಗಿದರು. ರೈಫಲಿನ ಚೀಲ ಬಿಚ್ಚಿ, ಗುಂಡು ತುಂಬುವ ಕಡೆಯ ಬೋಲ್ಟು ತೆಗೆದು ತೋರಿಸಿದರು.

"ಖಾಲಿ."

ನಾನು ಕಿರುಬೆರಳು ಆಡಿಸಿದೆ. ಕಬ್ಬಿಣ ತಣ್ಣಗಿತ್ತು. "ಖಾಲಿ" ಎಂದು ಎರಡೂ ಕೈಯಲ್ಲಿ ತೆಗೆದುಕೊಂಡೆ. ಅವರು ಕಾಕಾನ ಬಂದೂಕು ಹಿಡಿದು ಜೀಪಿನ ಹಿಂದಿನ ಸೀಟಿನಲ್ಲಿ ಕುಳಿತರು. ಬೆಳಗಾವಿ ಬರುವ ತನಕ ಅತ್ತರು. ಕಾಕಾ ಒಂದು ಕೈ ಅವರ ಬೆನ್ನ ಮೇಲಿಟ್ಟುಕೊಂಡೇ ಕುಳಿತಿದ್ದರು.

ಆ ವರ್ಷ ಆಯುಧ ಪೂಜೆಯ ಖಂಡೇನವಮಿಗೆ ಕಾಕಾ ಬರಿದಾದ ಕಪಾಟಿಗೇ ಕುಂಕುಮ ಹಚ್ಚಿ ಪೂಜೆ ಮಾಡಿದರು. ಮಹಾಂತೇಶ ಮಗ್ಗ ಬಿಟ್ಟು ಪಾರಿಸಣ್ಣನವರನ್ನು ಮಿರಜಿನ ಡಾಕ್ಟರ ಹತ್ತಿರ ಮತ್ತೆ ಮತ್ತೆ ಕರೆದೊಯ್ದ. ಸುಭೇದಾರರು ಮಳೆಗಾಲವೆಲ್ಲ ಬೆಲ್ಲ ಕೊಳ್ಳುವ ನೆವ ಮಾಡಿಕೊಂಡು ಗಲಗಲಿಯಿಂದ ಅವರ ಅಂಗಡಿಗೆ ಹೋಗಿ ಕೂತು ಬಂದರು. ಬೆಲ್ಲ ತಿಂದು ತಿಂದು ತಮಗೆ ಸಕ್ಕರೆ ಕಾಯಿಲೆ ಬಂತೆಂದು ಈಗಲೂ ದೂರುತ್ತಾರೆ. ಪಾರಿಸಣ್ಣ ಮುಂದೆ ತಾವಾಗಿಯೇ ಲೈಸನ್ಸು ತಿರುಗಿ ಕೊಟ್ಟರು. ಆ ಮೇಲೆಯೇ ಕಾಕಾ ತಮ್ಮ ಬಂದೂಕು ಮನೆಗೆ ತಂದರು. ಜಾಕೀಟು ಮಾತ್ರ ನನ್ನಿಂದ ಕೇಳಿ ತೆಗೆದುಕೊಂಡರು. ಈಗ ಭಾನುವಾರ ನಾವಿಬ್ಬರೂ ಛರ್ರಾ ಬಂದೂಕಿನವರು. ರಿಪೇರಿಯ ಮಾತನ್ನು ನಾವ್ಯಾರೂ ಮತ್ತೆ ಎತ್ತಲಿಲ್ಲ.

ಕಾಕಾನ ಮನೆಯ ಹೊರಗೆ ಗಾಡಿ ನಿಂತ ಸದ್ದಾಯಿತು. ಪಾರಿಸಣ್ಣ ಚಪ್ಪಲಿ ಬಿಟ್ಟು ಒಳಗೆ ಬಂದರು. ಕಾಕಾನ ಮಂಚ ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡರು. ನಾನು ಬಂದೂಕು ಎತ್ತಿ ತೆರೆದು ತೋರಿಸಿದೆ. "ಖಾಲಿ" ಅಂದೆ. ಅವರು ಎರಡೂ ನಳಿಗೆಗೆ ಕಿರುಬೆರಳು ಆಡಿಸಿ "ಖಾಲಿ" ಎಂದು ತೆಗೆದುಕೊಂಡು, ಅಂದು ಜೀಪಿನಲ್ಲಿ ಹಿಡಿದಂತೆಯೇ ಎದೆಗೆ ಹಿಡಿದು ಕುಳಿತರು.

"ಅಕ್ಕಾರ, ಇದಕ್ಕ ರಿಪೇರಿ ಏನೂ ಇರಲಿಲ್ಲ ಅನ್ನೂದು ನನಗ ಅವತ್ತ ಗೊತ್ತಿತ್ತರಿ" ಎಂದರು. "ಯಾರ ಕೈಯಾಗೂ ಕೊಡಲಾರದ ಬಂದೂಕ ಕಾಕಾ ನನ್ನ ಕೈಯಾಗ ಕೊಡಾಕತ್ತಿದ್ರು. ನಾ ಮನಿಗೆ ಹೆಂಗ ಹೋಗ್ಲಿರಿ?"

ಅಷ್ಟರಲ್ಲಿ ಕಾಕು ಎರಡು ತಾಟು ಹಿಡಿದು ಬಂದರು. "ಹೊತ್ತ ಮುಳಗೂದ್ರಾಗ ಉಂಡ ಹೋಗ್ರಿ. ಅವರಿದ್ರ ಉಣಿಸದ ಕಳಸ್ತಿದ್ದಿಲ್ಲ." ಬಿಸಿ ರೊಟ್ಟಿ, ಹೀರೇಕಾಯಿ ಪಲ್ಯ, ಪುಟಾಣಿ ಚಟ್ನಿಪುಡಿ. ಪಾರಿಸಣ್ಣ ಬಂದೂಕನ್ನು ಅರಿವೆಯಲ್ಲಿ ಸುತ್ತಿ ಕಾಕಾನ ಮಂಚದ ಮೇಲೆ ಮಲಗಿಸಿದರು. ಕೈ ತೊಳೆದು ಬಂದು, ರೊಟ್ಟಿ ಮುರಿದು, ಪಲ್ಯಕ್ಕೆ ತಾಗಿಸುವ ಮೊದಲು ಕೈ ತಡೆದು ತಲೆ ಎತ್ತಿದರು.

"ಕಾಕು, ಉಳ್ಳಾಗಡ್ಡಿ ಹಾಕಿಲ್ಲ ಹೌದಲ್ರಿ?"

"ಇಲ್ಲಪಾ, ನಿನಗಂತ ಬ್ಯಾರೆ ಮಾಡೇನಿ" ಎಂದರು ಕಾಕು.

ಅವರು ಉಣ್ಣತೊಡಗಿದರು. ನನ್ನ ಕಣ್ಣು ತುಂಬಿ ತಾಟು ಕಾಣದಂತಾಯಿತು.